ಏಳು ಅಡಿ ಫಿಲ್ಮು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ನೆರಳಿನಲ್ಲಿ ಒಂದು ಆಟೋ ನಿಂತಿತ್ತು. ಅದರ ಹಿಂದೆ ಒಬ್ಬ ಕುಕ್ಕರುಗಾಲಲ್ಲಿ ಕೂತು, ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಬಿಳಿ ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ. ಬಸ್ಸಿಳಿದು ಪ್ರೆಸ್ಸಿನ ಕಡೆ ಹೊರಟಿದ್ದ ಶಾಂತಕುಮಾರಿ ಓದಿದಳು. ಎರಡು ಹೆಜ್ಜೆ ಮುಂದೆ ಹೋದಳು. ತಡೆಯಲಾಗದೆ ಹಿಂದಕ್ಕೆ ಬಂದಳು.

'ನೀ ಬರೋಗಂಟ ನಾ ಕಾಯ್ತೀನಿ.' ಕೆಳಗೆ ಸಣ್ಣದಾಗಿ ಸಿನಿಮಾದ ಹೆಸರು: ಸೀಗೆಬಾವಿ.

"ಯಾರ್ರೀ ಇದನ್ನ ಬರ್ದಿದ್ದು?"

ಅವನು ತಿರುಗಲಿಲ್ಲ. "ಬ್ರಷ್ ನನ್ನ ಕೈಯಾಗೈತೆ. ಇನ್ಯಾರು ಬರೀತಾರೆ?"

"ಸೀಗೆಬಾವಿ ಪಿಚ್ಚರ್ ನೋಡಿದೀರಾ?"

"ಮೂರ್ ಸಲ."

"ಮೂರ್ ಸಲ ಕಿವಿ ಎಲ್ಲಿಟ್ಟು ಹೋಗಿದ್ರಿ? ಆ ಪಿಚ್ಚರ್‌ನಾಗೆ ಅವಳು ಈ ಮಾತು ಆಡೋದೇ ಇಲ್ಲ."

ಈಗ ತಿರುಗಿದ. ಮೂವತ್ತರ ಆಸುಪಾಸಿನ ಮುಖ. ಹುಬ್ಬಿನ ಮೇಲೊಂದು ಬಿಳಿ ಬಣ್ಣದ ಚುಕ್ಕೆ. ಬೈಸಿಕೊಂಡವನ ಮುಖದಲ್ಲಿ ಇರಬೇಕಾದ ಸಿಟ್ಟು ಅಲ್ಲಿರಲಿಲ್ಲ. ಅದಕ್ಕೆ ಬದಲಾಗಿ, ಏನೋ ಹೊಸದು ಕಂಡವನ ಕುತೂಹಲವಿತ್ತು. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಎಲ್ಲಾರೂ ಹಿಂಗೇ ಅಂತಾರಲ್ಲ ಮೇಡಂ."

"ಎಲ್ಲಾರೂ ತಪ್ಪು ಅಂತಾರೆ. ಅವನು ಜೈಲಿಗೆ ಹೋಗೋ ಹೊತ್ನಾಗೆ, ಬಾವಿ ಕಟ್ಟೆ ಮೇಲೆ ನಿಂತ್ಕೊಂಡು ಅವಳು ಅನ್ನೋದು ಇಷ್ಟೇ: 'ನಾನು ಕಾಯೋಳಲ್ಲ. ಹೋಗು.' ಎಂಥಾ ಮಾತದು! ಅದನ್ನ ಅಳುಮುಂಜಿ ಮಾಡಿ ಆಟೋ ಹಿಂದೆ ಅಂಟಿಸೀರಲ್ಲ."

ಆಟೋದ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಡ್ರೈವರ್ ದೊಡ್ಡೀರಪ್ಪ ತಲೆ ಎತ್ತಿದ. "ತಾಯಿ, ನನ್ನ ಗಾಡಿ ಹಿಂದೆ 'ಕಾಯೋಳಲ್ಲ, ಹೋಗು' ಅಂತ ಇದ್ರೆ ಯಾವನವ್ವ ಹತ್ತೋದು?"

"ಹತ್ತಬ್ಯಾಡಿ ಅಂತ ನಾನು ಹೇಳಿಲ್ಲ. ಸುಳ್ಳು ಬರೀಬ್ಯಾಡಿ ಅಂದೆ," ಎಂದು ಶಾಂತಕುಮಾರಿ ಬ್ಯಾಗನ್ನು ಭುಜಕ್ಕೇರಿಸಿ ಹೊರಟಳು. ಬೆನ್ನ ಹಿಂದೆ ಆ ಪೇಂಟರ್ ನಿಧಾನವಾಗಿ ಕೇಳುತ್ತಿದ್ದ: "ಯಾರಲೇ ಆಯಮ್ಮ?"

ಆಯಮ್ಮನಿಗೆ ಆಗ ಇಪ್ಪತ್ತೇಳು. ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ. ಮೊಳಕಾಲ್ಮುರಿನಿಂದ ದಿನಾ ಬೆಳಗಿನ ಬಸ್ಸಿಗೆ ಬಂದು, ಜಂಪಣ್ಣನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ಕರಪತ್ರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತಪ್ಪು ತಿದ್ದುವುದು ಅವಳ ಕೆಲಸ. ಸಂಬಳ ಬರುತ್ತಿದ್ದುದು ಕಾರ್ಡಿನ ತಪ್ಪು ತಿದ್ದುವುದಕ್ಕೆ. ಊರಿನ ತಪ್ಪನ್ನು ಅವಳು ಪುಕ್ಕಟೆ ತಿದ್ದುತ್ತಿದ್ದಳು.

ಜನ ಯಾವ ಮಾತನ್ನೂ ಇದ್ದ ಹಾಗೆ ಹೇಳುವುದಿಲ್ಲ ಎನ್ನುವುದು ಅವಳ ಬದುಕಿನ ದೊಡ್ಡ ಅಸಹ್ಯ. ಮದುವೆ ಕಾರ್ಡಿನ ಮೇಲೆ ಯಾವುದೋ ದೊಡ್ಡ ಕವಿಯ ಹೆಸರು ಹಾಕಿ, ಆ ಕವಿ ಕನಸಿನಲ್ಲೂ ಬರೆಯದ ಎರಡು ಸಾಲು ಹಾಕಿಸಲು ಬರುತ್ತಿದ್ದರು. "ಇದು ಅವರದ್ದಲ್ಲ" ಎಂದರೆ, "ಇರ್ಲಿ ಬಿಡಮ್ಮ, ಚೆನ್ನಾಗೈತಲ್ಲ" ಎನ್ನುತ್ತಿದ್ದರು. ಬೀದಿಯ ಹೆಂಗಸರೆಲ್ಲ ಸಂಜೆಯ ಧಾರಾವಾಹಿಯ ಅತ್ತೆಯನ್ನು ಅಣಕಿಸುತ್ತ "ಬಾಗ್ಲು ಹಾಕ್ಕೊ ಸುಮಿತ್ರಾ!" ಎಂದು ನಗುತ್ತಿದ್ದರು. ಇನ್ನೂರು ಕಂತುಗಳಲ್ಲಿ ಆ ಅತ್ತೆ ಒಂದು ಸಲವೂ ಹಾಗೆ ಅಂದಿರಲಿಲ್ಲ. ಅವಳಂದದ್ದು "ಕದ ಮುಂದಕ್ಕೆ ಮಾಡು" ಎಂದು. ಶಾಂತಕುಮಾರಿ ಇದನ್ನು ಹೇಳಿದಾಗ ಆ ಹೆಂಗಸರು ಅವಳಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದ್ದರು.

ಒಮ್ಮೆ ಹೆಣ್ಣು ನೋಡಲು ಬಂದ ಲೆಕ್ಚರರ್ ಒಬ್ಬ, ತನ್ನ ರಸಿಕತೆ ತೋರಿಸಲು ಕವಿತೆಯ ಒಂದು ಸಾಲು ಹೇಳಿದ. ಎರಡು ಪದ ಹಿಂದುಮುಂದಾಗಿತ್ತು. ಉಪ್ಪಿಟ್ಟಿನ ತಟ್ಟೆ ಕೆಳಗಿಡುತ್ತಲೇ ಶಾಂತಕುಮಾರಿ ಅದನ್ನು ತಿದ್ದಿದಳು. ಹುಡುಗನ ತಾಯಿ ಉಪ್ಪಿಟ್ಟಿನಲ್ಲಿ ಕೂದಲು ಸಿಕ್ಕಿದವರ ಹಾಗೆ ಮುಖ ಮಾಡಿದರು. ಅವರು ಮತ್ತೆ ಬರಲಿಲ್ಲ. "ಅಯ್ಯೋ ದೇವುಡಾ, ಇವಳ ಬಾಯಿಗೆ ಯಾವ ಗಂಡು ಸಿಗ್ತಾನೋ," ಎಂದು ತಾಯಿ ಪಾಲಮ್ಮ ಹಣೆ ಚಚ್ಚಿಕೊಂಡರೆ, ಮಗಳು "ಎರಡು ಸಾಲು ನೆನಪಿಡೋಕಾಗದೋನು ಹೆಂಡ್ತಿ ಹೆಸ್ರು ನೆನಪಿಡ್ತಾನಾ?" ಎಂದು ತಟ್ಟೆ ತೊಳೆಯಲು ಹೋಗಿದ್ದಳು.

ಈ ಜಂಬಕ್ಕೆ ಕಾರಣವಿತ್ತು. ಅವಳಪ್ಪ ಓಬಯ್ಯ ಮೊಳಕಾಲ್ಮುರಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ. ಟಾಕೀಸು ಮುಚ್ಚುವವರೆಗೂ ಅವಳು ಬೆಳೆದದ್ದೇ ಆ ಬಿಸಿ ಕೋಣೆಯಲ್ಲಿ, ರೀಲಿನ ಡಬ್ಬಿಗಳ ಮೇಲೆ ಕೂತು. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಬೇಸಿಗೆ ರಜೆಯಲ್ಲಿ ಸೀಗೆಬಾವಿ ಐವತ್ತಾರು ದಿನ ಓಡಿತು. ಮ್ಯಾಟಿನಿ, ಫಸ್ಟ್ ಶೋ ಎರಡನ್ನೂ ಅವಳು ಒಂದು ದಿನ ತಪ್ಪಿಸಲಿಲ್ಲ. ನೂರಾ ಹನ್ನೆರಡು ಸಲ. ಬಾವಿಕಟ್ಟೆಯ ಮೇಲೆ ನಿಂತ ಆ ಹೆಣ್ಣು "ನಾನು ಕಾಯೋಳಲ್ಲ. ಹೋಗು" ಎಂದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಕೊನೆಯ ರೀಲಿನಲ್ಲಿ ಅವನು ಜೈಲಿನಿಂದ ಬಂದು, ಅವಳು ಬೆಳೆದ ಜೋಳದ ಹೊಲದಲ್ಲಿ ಇಬ್ಬರೂ ಒಂದಾಗುವುದು ಮಾತ್ರ ಅವಳಿಗೆ ಸಹ್ಯವಾಗುತ್ತಿರಲಿಲ್ಲ. ಅಂಥಾ ಮಾತಾಡಿದವಳು ಹೀಗೇಕೆ ಮಾಡಿದಳು? ಡೈರೆಕ್ಟರಿಗೆ ಬುದ್ಧಿಯಿಲ್ಲ, ಜನರ ಚಪ್ಪಾಳೆಗೆ ಕ್ಲೈಮ್ಯಾಕ್ಸ್ ಕೆಡಿಸಿದ, ಎಂದು ಹದಿನಾಲ್ಕನೇ ವಯಸ್ಸಿನಲ್ಲೇ ತೀರ್ಪು ಕೊಟ್ಟಿದ್ದಳು.

ಆ ಮಾತನ್ನು ಅವಳು ಒಮ್ಮೆ ಬಳಸಿಯೂ ಇದ್ದಳು. ಹತ್ತೊಂಬತ್ತಾಗಿದ್ದಾಗ ಅತ್ತೆ ಮಗ ಶಿವಣ್ಣ, ತಂಗಿಯ ಮದುವೆ ಆಗುವವರೆಗೆ ಒಂದು ವರ್ಷ ಕಾಯ್ತೀಯಾ ಎಂದು ಕೇಳಿದ. ಇಷ್ಟವಿಲ್ಲದವನೇನಲ್ಲ. ಆದರೂ ಅವಳು ಗಲ್ಲ ಎತ್ತಿ, "ನಾನು ಕಾಯೋಳಲ್ಲ. ಹೋಗು," ಎಂದಳು. ಅವನು ಹೋದ. ಹೋದವನು ರಾಯದುರ್ಗದ ಹುಡುಗಿಯನ್ನು ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡು, ಈಗ ಬಸ್ಸಿನಲ್ಲಿ ಸಿಕ್ಕರೆ ಇಬ್ಬರು ಕೂರುವ ಜಾಗದಲ್ಲಿ ಒಬ್ಬನೇ ಕೂರುತ್ತಿದ್ದ. ಅವನನ್ನು ನೋಡಿದಾಗ ಅವಳಿಗೆ ಅನ್ನಿಸುತ್ತಿದ್ದುದು ತಾತ್ಸಾರವೇ. ಆದರೆ ಬಸ್ಸಿಳಿದ ಮೇಲೆ ಆ ದಿನವೆಲ್ಲ ಅವಳು ತಪ್ಪುಗಳನ್ನು ಸ್ವಲ್ಪ ಜಾಸ್ತಿಯೇ ಹುಡುಕುತ್ತಿದ್ದಳು.

ಮಾರನೇ ದಿನ ಮಧ್ಯಾಹ್ನ ಆ ಪೇಂಟರ್ ಪ್ರೆಸ್ಸಿಗೇ ಬಂದ. ಹೆಸರು ಮಾರುತೇಶ್, ಕೊಂಡ್ಲಹಳ್ಳಿಯವನು. ಎಣ್ಣೆ ಮಿಲ್ಲಿನ ಗೋಡೆ, ಲಾರಿ, ಆಟೋ, ಎಲ್ಲದರ ಮೇಲೂ ಬರೆಯುವವನು.

"ಮೇಡಂ, ಆ ಮಾತು ಆರು ಆಟೋ ಮೇಲೆ ಬರ್ದಿದೀನಿ. ಆರೂ ತಪ್ಪಾ?"

"ಆರು ಸಲ ಬರೆದ್ರೆ ಸರಿ ಆಗ್ತೈತಾ?"

"ನೀವೇ ಸರಿ ಅಂತ ಹೆಂಗೆ ಒಪ್ಪಲಿ? ಕ್ಯಾಸೆಟ್ ಹುಡುಕಿ ನೋಡಾನ."

"ನೋಡಿ. ನನ್ನ ಮಾತು ಸುಳ್ಳಾದ್ರೆ ಇನ್ಮೇಲೆ ಯಾರನ್ನೂ ತಿದ್ದೋದಿಲ್ಲ. ಸಾಕಾ?"

ಟೇಬಲ್ಲಿನ ಆಚೆ ಜಂಪಣ್ಣ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ದೇವರಿಗೆ ಹರಕೆ ಹೊತ್ತುಕೊಂಡನೇನೋ.

"ನಂದು ಸುಳ್ಳಾದ್ರೆ," ಎಂದ ಮಾರುತೇಶ್, "ಆರೂ ಆಟೋ ಒರೆಸಿ ನೀವು ಹೇಳಿದ್ದನ್ನೇ ಬರೀತೀನಿ." ಹಾಗನ್ನುವಾಗ ಅವಳನ್ನೇ ನೋಡುತ್ತಿದ್ದ. ಅವಳು ಕೀಬೋರ್ಡಿನ ಕಡೆ ಬಗ್ಗಿದಳು. ಆ ದಿನ ಅವಳು ಟೈಪ್ ಮಾಡಿದ ಕಾರ್ಡಿನಲ್ಲಿ 'ವಧು'ವಿನ ಜಾಗದಲ್ಲಿ 'ಮಧು' ಎಂದಾಗಿದ್ದನ್ನು ಸಂಜೆ ತಾನೇ ಕಂಡು ಹಲ್ಲು ಕಚ್ಚಿದಳು.

ಹನ್ನೆರಡು ದಿನ ಅವನ ಸುಳಿವಿರಲಿಲ್ಲ. ಚಳ್ಳಕೆರೆಯಲ್ಲಿ ಕ್ಯಾಸೆಟ್ ಸಿಗದೆ ಬಳ್ಳಾರಿಗೆ ಹೋಗಿ ಹುಡುಕಿದನಂತೆ. ಹದಿಮೂರನೇ ದಿನ ಬಂದು ಪ್ರೆಸ್ಸಿನ ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿಕೊಂಡು, "ನೋಡ್ದೆ. ನೀವು ಹೇಳಿದ್ದೇ ಸರಿ," ಎಂದ.

"ನನಗೆ ಗೊತ್ತಿತ್ತು," ಎಂದಳು ಶಾಂತಕುಮಾರಿ. ಇಷ್ಟು ಬೇಗ ಸೋಲೊಪ್ಪಿಕೊಂಡವನ ಮೇಲೆ ಅವಳಿಗೆ ಸ್ವಲ್ಪ ತಿರಸ್ಕಾರವೂ ಬಂತು.

ಅವನು ಮಾತಿಗೆ ತಪ್ಪಲಿಲ್ಲ. ವಾರದೊಳಗೆ ಚಳ್ಳಕೆರೆಯ ಆರು ಆಟೋಗಳ ಬೆನ್ನ ಮೇಲೆ 'ನಾನು ಕಾಯೋಳಲ್ಲ. ಹೋಗು' ಎಂದು ಮೂಡಿತು. ಊರು ನಕ್ಕಿತು. ಸರ್ಕಾರಿ ಆಸ್ಪತ್ರೆಯ ಮುಂದೆ ಒಬ್ಬ ಮೇಷ್ಟ್ರು ಇಳಿದು, "ಐದು ನಿಮಿಷ ಇರಪ್ಪ, ಬರ್ತೀನಿ," ಎಂದವರು ಆಟೋದ ಹಿಂದೆ ಓದಿ, "ಓಹೋ, ಮೊದ್ಲೇ ಬೋರ್ಡ್ ಹಾಕಿದೀಯ," ಎಂದು ಬೇರೆ ಆಟೋ ಹತ್ತಿದರಂತೆ. ದೊಡ್ಡೀರಪ್ಪ ಮಾರುತೇಶನನ್ನು ಬೈಯುತ್ತಲೇ ಇದ್ದ. ಆದರೂ ಒರೆಸಲು ಬಿಡಲಿಲ್ಲ. ಅದ್ಯಾಕೆಂದು ಶಾಂತಕುಮಾರಿ ಕೇಳಲಿಲ್ಲ. ಕೇಳಿದ್ದರೆ, ಗೆಳೆಯ ಕೈಹಿಡಿದು ಬೇಡಿಕೊಂಡಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಅಲ್ಲಿಂದ ಮುಂದೆ ಮಾರುತೇಶ್ ಏನೇ ಬರೆಯುವ ಮೊದಲು ಚೀಟಿಯಲ್ಲಿ ಗೀಚಿಕೊಂಡು ಅವಳ ಹತ್ತಿರ ಬರತೊಡಗಿದ. ಅವಳು ಕೆಂಪು ಪೆನ್ನು ಹಿಡಿದು ಕೊಲ್ಲುತ್ತಿದ್ದಳು.

"'ಅಲ್ಪಪ್ರಾಣ ಮಹಾಪ್ರಾಣ' ಅಂತ ಕೇಳಿದೀರಾ ಯಾವತ್ತಾದ್ರೂ?"

"ಪ್ರಾಣ ಅಂತ ಮಾತ್ರ ಕೇಳಿದೀನಿ. ಈಗ ಹೋಗ್ತಾ ಐತಲ್ಲ, ಅದು."

ನಗಬಾರದೆಂದು ಅವಳು ತುಟಿ ಬಿಗಿಯುತ್ತಿದ್ದಳು. ಅವನು ಆ ಬಿಗಿದ ತುಟಿಯ ಒಂದು ಮೂಲೆ ಸೋಲುವುದನ್ನು ಕಾಯುತ್ತಿದ್ದ. ಸೋತ ಕ್ಷಣ, ಬಂದ ಕೆಲಸ ಮುಗಿಯಿತೆಂಬಂತೆ ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದ.

ಕಾಗುಣಿತ ಬಾರದವನ ಕೈಯಲ್ಲಿ ಅಕ್ಷರ ಅಷ್ಟು ಚೆನ್ನಾಗಿ ಹೇಗೆ ಮೂಡುತ್ತದೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಎಣ್ಣೆ ಮಿಲ್ಲಿನ ಗೋಡೆಯ ಮೇಲೆ ಅವನು 'ಳ' ಬರೆಯುವುದನ್ನು ರಸ್ತೆಯ ಈಚೆ ನಿಂತು ನೋಡಿದಳು. ಮಣಿಕಟ್ಟು ಒಂದೇ ಉಸಿರಿನಲ್ಲಿ ಸುತ್ತಿ, ಕೊನೆಯಲ್ಲಿ ಬ್ರಷ್ಷನ್ನು ಮೆಲ್ಲಗೆ ಎತ್ತಿತು, ಮಲಗಿದ ಕೂಸಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ. ಗಾಳಿಯಲ್ಲೆಲ್ಲ ಹುರಿದ ಶೇಂಗಾದ ವಾಸನೆ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಒಂದು ಅಕ್ಷರ ನೋಡಲು ಬಿಸಿಲಲ್ಲಿ ನಿಲ್ಲುವವರನ್ನು ಅವಳು ಏನೆಂದು ಕರೆಯುತ್ತಿದ್ದಳೋ, ಈಗ ಆ ಹೆಸರು ತನಗೇ ಒಪ್ಪುತ್ತಿತ್ತು.

ಆಮೇಲೆ ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ ಎರಡರ ಬದಲು ನಾಲ್ಕಾದವು. ಪಾಲಮ್ಮ ನೋಡಿಯೂ ನೋಡದ ಹಾಗಿದ್ದರು.

ಮೂರು ತಿಂಗಳಾದ ಮೇಲೆ ಒಂದು ಶನಿವಾರ, ಕೊನೆಯ ರೊಟ್ಟಿ ಮುರಿಯುತ್ತ ಮಾರುತೇಶ್ ಹೇಳಿದ: "ನಾಳೆ ಬಿಟ್ಟು ಮುಂದಿನ ಭಾನುವಾರ ನಿಮ್ಮಪ್ಪನ್ನ ಕಾಣಾಕೆ ಬರಬೇಕು ಅಂದ್ಕೊಂಡಿದೀನಿ."

"ಯಾಕೆ? ನಮ್ಮನೆ ಗೋಡೆಗೆ ಸುಣ್ಣ ಹೊಡ್ಯೋದೇನಿಲ್ಲ."

"ನಾನು ಹೊಡ್ಯೋದು ಸುಣ್ಣ ಅಲ್ಲ ಮೇಡಂ, ಎನಾಮೆಲ್. ಒಂದ್ಸಲ ಹಚ್ಚಿದ್ರೆ ಸುಲಭಕ್ಕೆ ಹೋಗಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. "ಬಂದ್ರೆ ಬನ್ನಿ," ಎಂದಳು, ಮುಚ್ಚಳಕ್ಕೆ.

ಮರುದಿನವೇ ಭಾನುವಾರ. ಸಂಜೆ ಟೀವಿಯಲ್ಲಿ ಸೀಗೆಬಾವಿ ಹಾಕುತ್ತಾರೆ ಎಂದು ಪೇಪರಿನಲ್ಲಿತ್ತು. ಶಾಂತಕುಮಾರಿ ಮಧ್ಯಾಹ್ನದಿಂದಲೇ ಹಿಗ್ಗಿದ್ದಳು. ನೂರಾ ಹದಿಮೂರನೇ ಸಲ. ಓಬಯ್ಯ ಮಾತ್ರ ಅವತ್ತು ಕೂತಲ್ಲಿ ಕೂರಲಿಲ್ಲ.

"ವೋಲ್ಟೇಜ್ ಇಲ್ಲವ್ವ. ಟೀವಿ ಸುಟ್ಟೋಗ್ತೈತೆ, ಆಫ್ ಮಾಡು."

"ಲೈಟ್ ಚೆನ್ನಾಗಿ ಉರೀತೈತಲ್ಲಪ್ಪ."

"ಹಳೇ ಪಿಚ್ಚರ್ ಏನ್ ನೋಡ್ತೀಯ. ಸಂತೆಗಾದ್ರೂ ಹೋಗಿ ಬರಾನ."

ಅವಳು ಕೇಳಲಿಲ್ಲ. ಪರದೆಯ ಮೇಲೆ ಬಾವಿಕಟ್ಟೆ ಬಂತು. ಪೊಲೀಸರ ನಡುವೆ ನಾಯಕ. ಗಲ್ಲ ಎತ್ತಿ ನಿಂತ ನಾಯಕಿ. ಶಾಂತಕುಮಾರಿಯ ತುಟಿಗಳು ಅವಳ ಜೊತೆಗೇ ಆಡಿದವು.

"ನಾನು ಕಾಯೋಳಲ್ಲ," ಎಂದಳು ನಾಯಕಿ. ಆಮೇಲೆ, ಶಾಂತಕುಮಾರಿ "ಹೋಗು" ಎಂದು ಮುಗಿಸಿಯಾದ ಮೇಲೂ, ಪರದೆಯ ಮೇಲಿದ್ದವಳು ಮಾತು ನಿಲ್ಲಿಸಲಿಲ್ಲ. "ನಿನ್ನ ಹೊಲ ಉತ್ತು ಬಿತ್ತೋಳು." ಕಣ್ಣು ತುಂಬಿಕೊಂಡು ನಕ್ಕಳು. ಆಮೇಲೆ ಅಂದಳು: "ಹೋಗು."

ಕೊನೆಯಲ್ಲಿ ಜೋಳದ ಹೊಲ ಬಂತು. ಆ ಹೊಲ ಅವನದು, ಬೆಳೆ ಅವಳದು. ಹದಿಮೂರು ವರ್ಷ ಡೈರೆಕ್ಟರನ್ನು ಬೈದಿದ್ದ ಕ್ಲೈಮ್ಯಾಕ್ಸು ಒಂದೇ ಏಟಿಗೆ ಸರಿಯಾಗಿ ಕೂತುಬಿಟ್ಟಿತು.

"ಅಪ್ಪಾ," ಎಂದಳು ಶಾಂತಕುಮಾರಿ.

ಓಬಯ್ಯ ಗೋಡೆ ನೋಡುತ್ತಿದ್ದ. "ಪ್ರಿಂಟ್ ಬಂದ ದಿನಾನೇ ಕಣವ್ವ. ಶೋಗಿಂತ ಮುಂಚೆ ಓಡ್ಸಿ ನೋಡ್ತಿದ್ದೆ. ಫಿಲ್ಮು ಮಿಷನ್ನಿನ ಗೇಟ್‌ನಾಗೆ ಸಿಕ್ಕಾಕ್ಕೊಂಡು ಸುಟ್ಟೋತು. ಏಳಡಿ ಕತ್ತರಿಸಿ ಜಾಯಿಂಟ್ ಹಾಕ್ದೆ. ಮಾಲೀಕರಿಗೆ ಗೊತ್ತಾದ್ರೆ ಕೆಲ್ಸ ಹೋಗ್ತಿತ್ತು. ಯಾರೂ ಕಂಡುಹಿಡೀಲಿಲ್ಲ."

"ನನಗೆ ಹೇಳ್ಬೌದಿತ್ತಲ್ಲ!"

"ಹೇಳಾನ ಅಂದ್ಕೊಳ್ತಿದ್ದೆ. ಆದ್ರೆ ನೀನು ಆ ಮಾತು ಹಿಡ್ಕೊಂಡು ಊರೋರಿಗೆಲ್ಲ ಎಷ್ಟು ಖುಷಿಯಾಗಿ ಬೈತಿದ್ದೆ..." ಮುದುಕ ಹೆಗಲ ವಸ್ತ್ರ ತೆಗೆದು ಮಡಚತೊಡಗಿದ. "ಶಿವಣ್ಣನಿಗೆ ಏನಂದೆ ಅಂತ ಗೊತ್ತಾದ ಮ್ಯಾಲಂತೂ ನನ್ನ ಬಾಯಿ ಬಿದ್ದೋತು."

ಸೋಮವಾರ ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಆಟೋ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅವಳನ್ನೇ ನೋಡಿದರು. ಟೀವಿ ಅವರ ಮನೆಗಳಲ್ಲೂ ಇತ್ತು. ಮಾರುತೇಶ್ ಅಲ್ಲಿಯೇ ದೊಡ್ಡೀರಪ್ಪನ ಆಟೋಗೆ ಒರಗಿ ನಿಂತಿದ್ದ. ಅವಳು ನೆಟ್ಟಗೆ ಅವನ ಹತ್ತಿರ ಹೋದಳು.

"ನೀವು ಕ್ಯಾಸೆಟ್ ನೋಡ್ಲೇ ಇಲ್ಲ. ಸುಮ್ನೆ ನೋಡ್ದೆ ಅಂದ್ರಿ, ಅಲ್ವಾ?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ಸ್ವಲ್ಪ ಹೊತ್ತು ಕೈ ಒರೆಸಿಕೊಂಡ. "ನೋಡಿದ್ದೆ," ಎಂದ.

"ಎರಡೆರಡು ಸಲ ರಿವೈಂಡ್ ಮಾಡ್ಸಿ ನೋಡ್ದ, ತಾಯಿ," ಎಂದ ದೊಡ್ಡೀರಪ್ಪ. "ನಾನೂ ಜೊತೆಗಿದ್ದೆ."

ಹಾಗಾದರೆ ಮೂರು ತಿಂಗಳು. ಕೆಂಪು ಪೆನ್ನು ಹಿಡಿದು ಅವಳು ಅವನ ಕಾಗುಣಿತ ಕೊಲ್ಲುತ್ತಿದ್ದಾಗಲೆಲ್ಲ, ಅವಳ ದೊಡ್ಡ ತಪ್ಪು ಅವನ ಜೇಬಿನಲ್ಲಿತ್ತು. ಇಡೀ ಸ್ಟ್ಯಾಂಡಿಗೆ ಗೊತ್ತಿತ್ತು. ಆರು ಆಟೋಗಳ ಮೇಲೆ ಅವಳ ಮೂರ್ಖತನ ಊರು ಸುತ್ತುತ್ತಿತ್ತು.

"ನನ್ನ ಮೇಲೆ ಕನಿಕರಾನಾ?" ಅವಳ ದನಿ ಸಣ್ಣಗಿತ್ತು, ಅವಳನ್ನು ಬಲ್ಲವರಿಗೆ ಅದು ಕೂಗಿದ್ದಕ್ಕಿಂತ ಹೆಚ್ಚು. "ಒಂದು ಪದ ನೆಟ್ಟಗೆ ಬರೆಯೋಕೆ ಬರದ ಅಕ್ಷರಗೇಡಿ ನೀನು. ನೀನು ನನಗೆ ದಯೆ ತೋರ್ಸೋನಾ? ನಿನ್ನ ಸುಳ್ಳಿಗಿಂತ ನಿನ್ನ ತಪ್ಪೇ ಎಷ್ಟೋ ಮೇಲಿತ್ತು. ನಮ್ಮನೆ ಕಡೆ ತಲೆ ಹಾಕಬ್ಯಾಡ."

ಮಾರುತೇಶನ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಬಂತು. ಟರ್ಪೆಂಟೈನ್ ಬಾಟಲಿ, ಬಟ್ಟೆ ತೆಗೆದುಕೊಂಡು, ಅವಳ ಕಣ್ಣೆದುರೇ ಆ ಸಾಲನ್ನು ಉಜ್ಜಿ ಉಜ್ಜಿ ಒರೆಸತೊಡಗಿದ. 'ಳ' ಮೊದಲು ಕರಗಿತು.

ಅವಳು ಪಂದ್ಯದ ಮಾತು ಉಳಿಸಿಕೊಂಡಳು. ಯಾರನ್ನೂ ತಿದ್ದಲಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪ್ ಮಾಡಿದಳು. ನಾಲ್ಕೇ ದಿನಕ್ಕೆ ಜಂಪಣ್ಣ ಬಂದು ಕೈಮುಗಿದ. "ಬೈಯವ್ವ. ದಯವಿಟ್ಟು ಬೈ. ನಾಮಕರಣದ ಕಾರ್ಡ್‌ನಾಗೆ 'ತೊಟ್ಟಿಲು' ಹೋಗಿ 'ತೊಟ್ಟಿ' ಆಗೈತೆ. ಗಿರಾಕಿ ಹೊರಗೆ ನಿಂತವ್ರೆ." ಅವಳು ಏಳಲಿಲ್ಲ. ಬೇರೆಯವರ ತಪ್ಪಿನಲ್ಲಿ ಈಗ ಯಾವ ಸುಖವೂ ಉಳಿದಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ, ಯಾರೂ ಹೇಳದೆಯೇ ಪಾಲಮ್ಮ ಮತ್ತೆ ಎರಡೇ ರೊಟ್ಟಿ ಇಟ್ಟಿದ್ದರು. ಆ ಎರಡೂ ಇಳಿಯುತ್ತಿರಲಿಲ್ಲ.

ಬರುತ್ತೇನೆಂದಿದ್ದ ಭಾನುವಾರ ಅವನು ಬರಲಿಲ್ಲ. ಬರಬೇಡ ಎಂದವಳು ತಾನೇ. ಆದರೂ ಅವತ್ತು ಅಂಗಳದಲ್ಲಿ ಸೈಕಲ್ ಸದ್ದಾದಾಗಲೆಲ್ಲ ಅವಳ ಕೈ ತಲೆಗೂದಲಿಗೆ ಹೋಗುತ್ತಿತ್ತು. ಅದನ್ನು ನೋಡಿ ಓಬಯ್ಯ ಮಗಳ ಪಕ್ಕದಲ್ಲಿ ಬಂದು ಕೂತ.

"ನಾನು ಹದಿಮೂರು ವರ್ಷ ಸುಳ್ಳು ಹೇಳ್ದೆ. ನನ್ನ ಮ್ಯಾಲೆ ಮೂರ್ ದಿನ ಮುನಿಸ್ಕೊಂಡೆ. ಆ ಹುಡುಗ ಮೂರ್ ತಿಂಗಳು ಹೇಳ್ದ. ಅವನಿಗೆ ಜನ್ಮಪೂರ್ತಿನಾ?"

"ನೀನು ಕೆಲ್ಸ ಹೋಗ್ತೈತೆ ಅಂತ ಸುಳ್ಳು ಹೇಳ್ದೆ. ಅವನಿಗೇನಿತ್ತು?"

"ಅದನ್ನ ಅವನ್ನೇ ಕೇಳಿದ್ಯಾ?"

ಕೇಳಿರಲಿಲ್ಲ. ಕೇಳುವ ಅಭ್ಯಾಸವೇ ಅವಳಿಗಿರಲಿಲ್ಲ. ಇದ್ದದ್ದು ಹೇಳುವ ಅಭ್ಯಾಸ.

ಮರುದಿನ ಅವಳು ಆಟೋ ಸ್ಟ್ಯಾಂಡಿನಲ್ಲಿ ನಿಂತು, ಆರೂ ಡ್ರೈವರುಗಳ ಎದುರು, "ದೊಡ್ಡೀರಣ್ಣ, ತಪ್ಪು ನಂದು," ಎಂದಳು. ಅಷ್ಟು ಹೇಳುವುದರೊಳಗೆ ಅವಳ ಕಿವಿ ಕೆಂಪಾಗಿತ್ತು. ದೊಡ್ಡೀರಪ್ಪ ನಗುತ್ತಾನೆಂದುಕೊಂಡಿದ್ದಳು. ಅವನು ನಗಲಿಲ್ಲ. "ನಮಗ್ಯಾಕವ್ವ ಹೇಳ್ತೀಯ? ಅವನು ಸಿದ್ದಾಪುರದ ಕಡೆ ಬೋರ್ಡ್ ಬರೆಯೋಕೆ ಹೋಗಿ ಐದು ದಿನ ಆತು. ಬ್ರಹ್ಮಗಿರಿ ದಾರ್‍ಯಾಗೆ ಸಿಗ್ತಾನೆ, ಹೋಗು," ಎಂದ.

ಬಂದ ದಾರಿಯಲ್ಲೇ ವಾಪಸು ಹೊರಟಳು. ಮೊಳಕಾಲ್ಮುರಿನಲ್ಲಿ ಬಸ್ಸು ಬದಲಾಯಿಸಿ ಸಿದ್ದಾಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಯಿಂದ ವಾಲಿತ್ತು. ಬಂಡೆಗಳ ಬೆಟ್ಟದ ಕೆಳಗೆ, ರಸ್ತೆ ತಿರುವಿನಲ್ಲಿ ಪಂಚಾಯ್ತಿಯವರು ನಿಲ್ಲಿಸಿದ ತಗಡಿನ ಬೋರ್ಡು. ಅದರ ಮುಂದೆ ಅವನು. ಅವಳ ನೆರಳು ಬೋರ್ಡಿನ ಮೇಲೆ ಬಿದ್ದಾಗಲೂ ತಿರುಗಲಿಲ್ಲ.

"ತಪ್ಪು ಇದ್ರೆ ಹೇಳ್ಬಿಡಿ," ಎಂದ. "ಬಣ್ಣ ಇನ್ನೂ ಹಸಿ ಐತೆ."

ಅವಳು ಓದಿದಳು. 'ಅಶೋಕನ ಶಾಸನಕ್ಕೆ ದಾರಿ.' ಒಂದೂ ತಪ್ಪಿರಲಿಲ್ಲ. ಅದನ್ನು ಕಂಡು, ಏನೋ ಕಳೆದುಕೊಂಡ ಹಾಗಾಯಿತು ಅವಳಿಗೆ.

"ಅಕ್ಷರಗೇಡಿ ಅಂದಿದ್ದು ತಪ್ಪು," ಎಂದಳು. "ಎಲ್ಲಾರ ಮುಂದೆ ಅಂದಿದ್ದು ಇನ್ನೂ ತಪ್ಪು. ಸ್ಟ್ಯಾಂಡ್‌ನಾಗೆ ಹೇಳಿ ಬಂದೆ, ತಪ್ಪು ನಂದು ಅಂತ. ಈಗ ನೀವು ಹೇಳಿ. ಕನಿಕರ ಅಲ್ಲ ಅಂದ್ರೆ ಮತ್ತೆ ಏನದು?"

ಮಾರುತೇಶ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. ಬೆಟ್ಟದ ಕಡೆ ಕೈ ತೋರಿಸಿದ.

"ಮ್ಯಾಲೆ ಬಂಡೆ ಮ್ಯಾಲೆ ರಾಜನ ಮಾತು ಐತಲ್ಲ, ಅದರ ಕೊನೇಗೆ ಕೆತ್ತಿದೋನು ತನ್ನ ಹೆಸರು ಹಾಕಿದಾನಂತೆ. ಎರಡು ಸಾವಿರ ವರ್ಷ ಆದ ಮ್ಯಾಲೂ ಯಾರೋ ಅದನ್ನ ಓದಿ ಹೇಳ್ತಾರೆ. ನಾನು ಹನ್ನೊಂದು ವರ್ಷದಿಂದ ಬರೀತಿದೀನಿ. ಆಟೋ, ಲಾರಿ, ಗೋಡೆ. ನೋಡಿದೋರು ಊರ್ ತುಂಬ ಅವ್ರೆ. ನಿಂತು ಓದಿ, ವಾಪಸ್ ಬಂದು ನನ್ನ ಹತ್ರ ಜಗಳ ಆಡಿದೋರು ನೀವೊಬ್ರೇ." ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. "ಕ್ಯಾಸೆಟ್ ನೋಡಿದ ಮ್ಯಾಲೆ ನಂಗೆ ಗೆದ್ದೆ ಅಂತ ಅನ್ನಿಸ್ಲಿಲ್ಲ. ನಂದೂ ತಪ್ಪೇ ಆಗಿತ್ತು, ಬಿಡಿ. ನಾನು ಸತ್ಯ ಹೇಳಿದ್ರೆ ನೀವು ಇನ್ಯಾವತ್ತೂ ಯಾರನ್ನೂ ತಿದ್ದಲ್ಲ ಅಂದಿದ್ರಿ. ನನ್ನನ್ನ ಓದೋರು ಯಾರಿರ್ತಿದ್ರು? ನನ್ನ ಸ್ವಾರ್ಥಕ್ಕೆ ಹೇಳಿದ ಸುಳ್ಳದು. ಕನಿಕರ ಅಂತೆ!"

ಶಾಂತಕುಮಾರಿ ಬೋರ್ಡನ್ನು ಇನ್ನೊಮ್ಮೆ ಓದಿದಳು, ತಪ್ಪು ಹುಡುಕದೆ. ಇಪ್ಪತ್ತೇಳು ವರ್ಷದಲ್ಲಿ ಇದು ಅವಳಿಗೆ ಹೊಸದು. ಬಂಡೆಗಳ ಮೇಲಿಂದ ಬಿಸಿಗಾಳಿ ಬೀಸಿ ಸೆರಗು ಹಾರಿತು. ಹಸಿ ಬಣ್ಣಕ್ಕೆ ತಾಗದಿರಲೆಂದು ಅವನು ಥಟ್ಟನೆ ಅದನ್ನು ಹಿಡಿದ. ಹಿಡಿದವನು ಬಿಡಬೇಕೆಂಬುದನ್ನು ಮರೆತ.

"ನೋಡಿ," ಎಂದಳು ಅವಳು. "ಇನ್ನೊಂದ್ಸಲ ನನಗೆ ಸುಳ್ಳು ಹೇಳಿದ್ರೆ ಸುಮ್ನೆ ಬಿಡಲ್ಲ."

"ಏನ್ ಮಾಡ್ತೀರಾ?"

"ಏನ್ ಮಾಡೋದು? ಒಂದೇ ಮನೇಲಿ ಇರ್ತೀವಲ್ಲ. ದಿನಾ ಬೈತೀನಿ."

ಅವನು ತಲೆಯಾಡಿಸಿದ. ಒಂದು 'ಳ' ಸುತ್ತಿ ಮುಗಿಸುವಷ್ಟು ಹೊತ್ತಾದ ಮೇಲೆ ಆಡಿಸುತ್ತಿದ್ದ ತಲೆ ನಿಂತಿತು.

"ಒಂದೇ ಮನೇಲಾ?"

"ಕಿವಿ ಇನ್ನೂ ಅಲ್ಲೇ ಇಟ್ಟು ಬಂದಿದೀರಾ?"

ಮಾರುತೇಶ್ ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ನೀಲಿ ಬಣ್ಣ ಬಳಿದುಕೊಂಡ. ಶಾಂತಕುಮಾರಿ ಅವನ ಹೆಗಲ ಮೇಲಿದ್ದ ಬಟ್ಟೆ ಎಳೆದು, ಟರ್ಪೆಂಟೈನಿಗೆ ಅದ್ದಿ, ಅವನ ಗಲ್ಲ ಹಿಡಿದು ಒರೆಸತೊಡಗಿದಳು. ಉರಿಯುತ್ತದೆ ಎಂದ. ಉರೀಲಿ ಎಂದಳು. ಆದರೆ ಕೈ ಮೆತ್ತಗಾಗಿತ್ತು.

ಮೂರು ಗಂಟೆಯ ಬಸ್ಸಿಗೆ ಇಬ್ಬರೂ ಮೊಳಕಾಲ್ಮುರಿಗೆ ಹೊರಟರು. ಪಾಲಮ್ಮ ಬಾಗಿಲು ತೆರೆದವರು, ಒಂದು ಕೆನ್ನೆ ನೀಲಿಯಾಗಿದ್ದ ಹುಡುಗನನ್ನೂ ಅವನ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದ ಮಗಳನ್ನೂ ನೋಡಿದರು. ಒಳಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿ ಕೆಳಗಿಳಿಸಿದರು.